ದೊಡ್ಡ ಸ್ವಾಮಿಯವರು

ಮೈಸೂರು ಸೀಮೆಯ ಚರಿತ್ರೆಯನ್ನೋದುವ ವಿದ್ಯಾರ್ಥಿಗಳಲ್ಲಿ ಅಬ್ಬೆ ದುಬ್ವಾ ಅವರ ಹೆಸರನ್ನು ಕೇಳದವರು ವಿರಳ. ಹಿಂದೂ ಜನರ ಆಚಾರ, ನಡವಳಿಕೆ, ವಿಧಿಗಳನ್ನು ಕುರಿತ ದಪ್ಪ ಗ್ರಂಥವೊಂದು ಅವರ ಹೆಸರನ್ನು ಹೊತ್ತು ಇನ್ನೂರು ವರ್ಷಗಳಿಂದ ಪುಸ್ತಕ ಭಂಡಾರಗಳಲ್ಲಿ ನಿಂತಿದೆ. ಅದನ್ನು ಹೊಗಳಿದವರೂ ಉಂಟು. ಅದರ ಕಟುವಾದ ಮಾತುಗಳಿಗೆ ಮುನಿದವರೂ ಉಂಟು. ಆದರೆ ನಾನು ಇಂದು ಬರೆಯಹೊರಟಿರುವುದು ಆ ಗ್ರಂಥಕರ್ತರನ್ನು ಕುರಿತಲ್ಲ. ಮಕ್ಕಳನ್ನು ಸಿಡುಬಿನ ಬಾಯಿಂದ ಬಿಡಿಸಲು ಹಳ್ಳಿಗಾಡಿನಲ್ಲಿ ದುಡಿದ, ದಿಕ್ಕುಗೆಟ್ಟ ಸಂಸಾರಗಳನ್ನು ನೆಲಕ್ಕೆ ಹಚ್ಚಿ ನಿಲ್ಲಿಸಿದ ಒಬ್ಬ ಪಾದ್ರಿಯನ್ನು ಕುರಿತು. ಇಬ್ಬರೂ ಒಬ್ಬರೇ ಎಂಬುದು ನಿಜ. ಆದರೆ ಲೋಕ ನೆನೆದದ್ದು ಮೊದಲನೆಯವರನ್ನು. ನೆನೆಯಬೇಕಾದದ್ದು ಎರಡನೆಯವರನ್ನು ಎಂಬುದೇ ನನ್ನ ವಾದ.

ಹೆಸರಿನ ವಿಷಯವಾಗಿ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ನಾನು ಹಿರಿಯೂರು ಸೀಮೆಯ ಹರಿಯಬ್ಬೆಯವನು. ಅಬ್ಬೆ ಎಂದರೆ ನಮ್ಮ ಹಳಗನ್ನಡದಲ್ಲಿ ತಾಯಿ. ದಾನಚಿಂತಾಮಣಿ ಎಂದು ಹೆಸರಾದ ಅತ್ತಿಮಬ್ಬೆಯ ಹೆಸರಿನ ಕೊನೆಯಲ್ಲಿರುವುದೂ ಅದೇ ಮಾತು. ನಮ್ಮೂರ ಹೆಸರಿನಲ್ಲಿ ನನ್ನ ಕಿವಿಗೆ ಕೇಳಿಸುವುದೂ ಅದೇ. ಫ್ರೆಂಚರಲ್ಲಿ ಅಬ್ಬೆ ಎಂಬುದು ಪಾದ್ರಿಗಳಿಗೆ ಸಲ್ಲುವ ಬಿರುದು. ಅದರ ಮೂಲಾರ್ಥ ತಂದೆ. ಎರಡು ಮಾತುಗಳಿಗೂ ರಕ್ತಸಂಬಂಧವಿಲ್ಲ. ಆದರೂ ಮಕ್ಕಳನ್ನು ಕಾಯುವ ಕೆಲಸಕ್ಕೆ ಇಳಿದ ಮನುಷ್ಯನ ಹೆಸರನ್ನು ಕನ್ನಡಿಗನೊಬ್ಬ ತಾಯಿಯೆಂದು ಕೇಳಿಸಿಕೊಂಡರೆ ಅದರಲ್ಲಿ ಅನುಚಿತವೇನೂ ಇಲ್ಲವೆಂದು ಭಾವಿಸುತ್ತೇನೆ.

ಝಾನ್ ಆಂತ್ವಾನ್ ದುಬ್ವಾ ಹುಟ್ಟಿದ್ದು 1765ರ ಸುಮಾರಿನಲ್ಲಿ, ಫ್ರಾನ್ಸ್ ದೇಶದ ದಕ್ಷಿಣಕ್ಕಿರುವ ಅರ್ದೆಷ್ ಸೀಮೆಯಲ್ಲಿ. 1792ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅದು ಮಹಾಕ್ರಾಂತಿಯ ಕಾಲ. ದೊರೆತನವೂ ಗುರುಪೀಠವೂ ಒಟ್ಟಿಗೆ ಅಲುಗಾಡುತ್ತಿದ್ದ ದಿನಗಳು. ಅದೇ ವರ್ಷ ಅವರು ಪ್ಯಾರಿಸಿನ ವಿದೇಶ ಮಿಷನ್ ಸಂಘದ ಪರವಾಗಿ ಹಡಗು ಹತ್ತಿ ಪುದುಚೇರಿಯ ಕಡೆಗೆ ಹೊರಟರು. ತಮಿಳು ಸೀಮೆಯಲ್ಲಿ ಕೆಲವು ವರ್ಷ ಕಳೆದರು. ಐರೋಪ್ಯರ ಸಹವಾಸವನ್ನು ಆದಷ್ಟು ದೂರವಿರಿಸಿ, ಈ ನೆಲದ ಜನರಂತೆ ಉಟ್ಟು, ಅವರ ರೀತಿನೀತಿಗಳಿಗೆ ಹೊಂದಿಕೊಂಡು, ಅವರ ಭಾಷೆಗಳನ್ನು ಕಲಿತು ಬದುಕಿದರು. ಇದು ವೇಷಕ್ಕಾಗಿ ತೊಟ್ಟ ವೇಷವಲ್ಲ. ಮೂವತ್ತು ವರ್ಷಗಳ ಕಾಲ ನಡೆದ ಬಾಳು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನ್ ಮಡಿದನು. ಮೈಸೂರು ಮತ್ತೆ ಒಡೆಯರ ಮನೆತನಕ್ಕೆ ಬಂದು, ಬಾಲಕ ಮುಮ್ಮಡಿ ಕೃಷ್ಣರಾಜರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನವರು ಆಡಳಿತಕ್ಕೆ ನಿಂತರು. ನಮ್ಮ ಚಿತ್ರದುರ್ಗ ಸೀಮೆಯೂ ಆ ಆಡಳಿತಕ್ಕೆ ಸೇರಿತು. ಯುದ್ಧ ಮುಗಿದರೂ ಯುದ್ಧದ ಬೇಗೆ ಮುಗಿದಿರಲಿಲ್ಲ. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದ ಕ್ರೈಸ್ತರು, ಬಲಾತ್ಕಾರದಿಂದ ಮತ ಬಿಟ್ಟವರು, ಗುಡಿಯೂ ಗುರುವೂ ಇಲ್ಲದೆ ಚೆದುರಿಹೋದವರು ದಿಕ್ಕು ಕಾಣದೆ ನಿಂತಿದ್ದರು. ಅವರನ್ನು ಮತ್ತೆ ಒಂದುಗೂಡಿಸುವ ಕರೆ ದುಬ್ವಾ ಅವರಿಗೆ ಬಂದಿತು. ಹೀಗೆ ಕಾವೇರಿಯ ತೀರಕ್ಕೆ ಬಂದವರು ಮುಂದೆ 1823ರವರೆಗೆ ಮೈಸೂರು ನಾಡನ್ನೇ ತಮ್ಮ ನೆಲೆಯಾಗಿ ಮಾಡಿಕೊಂಡರು.

ಬಂದವರಿಗೆ ತಿಳಿದ ಮೊದಲ ಸಂಗತಿಯೆಂದರೆ, ಹಸಿದವನಿಗೆ ಪ್ರಾರ್ಥನೆ ಮಾತ್ರ ಸಾಲದು ಎಂಬುದು. ಭಿಕ್ಷೆಯನ್ನು ಹಂಚಿ ಕೈತೊಳೆದುಕೊಳ್ಳುವುದು ಸುಲಭದ ದಾರಿಯಾಗಿತ್ತು. ಅವರು ಹಿಡಿದದ್ದು ಬೇಸಾಯದ ದಾರಿ. ಬಡಕ್ರೈಸ್ತ ಕುಟುಂಬಗಳನ್ನು ಕಲೆಹಾಕಿ, ನೆಲದ ಮೇಲೆ ನೆಲೆಗೊಳಿಸಿ, ಒಕ್ಕಲುತನದ ಊರುಗಳನ್ನು ಎಬ್ಬಿಸಿದರು. ಹಾಸನದ ಸಮೀಪದಲ್ಲಿ ಹೀಗೆ ಬೆಳೆದ ಹಳ್ಳಿಗಳ ಗುಂಪು ಮುಂದೆ ಹಲವು ತಲೆಮಾರು ಅವರ ನೆನಪನ್ನು ಕಾಪಾಡಿಕೊಂಡು ಬಂದಿತು. ಭಿಕ್ಷೆ ಒಂದು ಹೊತ್ತಿನ ಹಸಿವನ್ನು ಕಳೆಯುತ್ತದೆ. ನೇಗಿಲು ಭಿಕ್ಷೆಯ ಅಗತ್ಯವನ್ನೇ ಕಳೆಯುತ್ತದೆ. ಮಳೆಯನ್ನು ಕಾಯುತ್ತ ಬದುಕುವ ನಮ್ಮ ಬಯಲು ಸೀಮೆಯ ಜನರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಕೆಲಸ ಇನ್ನೂ ದೊಡ್ಡದು. ಅಂದಿನ ದಿನಗಳಲ್ಲಿ ಸಿಡುಬು ಊರಿಗೆ ಹೊಕ್ಕಿತೆಂದರೆ ಹಳ್ಳಿಗೆ ಹಳ್ಳಿಯೇ ನಡುಗುತ್ತಿತ್ತು. ಉಳಿದವರಲ್ಲಿ ಕೆಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಹಲವರು ಮುಖದ ತುಂಬ ಕಲೆ ಹೊತ್ತು ಬಾಳುತ್ತಿದ್ದರು. ಜನ ಅದನ್ನು ರೋಗವೆಂದು ಕರೆಯುತ್ತಿರಲಿಲ್ಲ. ಅಮ್ಮ ಬಂದಳು ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ಹರಕೆ ಹೊತ್ತು, ತಾಯಿ ತಣ್ಣಗಾಗಲೆಂದು ಕಾಯುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಪರೀಕ್ಷಿಸಿ, 1798ರಲ್ಲಿ ಪ್ರಕಟಿಸಿದ ಗೋಸಿಡುಬಿನ ಲಸಿಕೆ ಬಾಗ್ದಾದು, ಬಸ್ರಾಗಳ ಮಾರ್ಗವಾಗಿ 1802ರ ಜೂನ್ ತಿಂಗಳಲ್ಲಿ ಮುಂಬಯಿಯನ್ನು ಮುಟ್ಟಿತು. ಅಲ್ಲಿಂದ ದಕ್ಷಿಣಕ್ಕೆ ಬಂದ ಈ ಹೊಸ ವಿದ್ಯೆಯನ್ನು ಮೈಸೂರು ಸೀಮೆಯ ಹಳ್ಳಿಗಳಲ್ಲಿ ನೆಲೆಗೊಳಿಸಿದವರಲ್ಲಿ ಅಗ್ರಗಣ್ಯರು ದುಬ್ವಾ. ಅವರ ಮುಂದಾಳುತನದಲ್ಲಿ 1803-04ರ ಅವಧಿಯೊಂದರಲ್ಲೇ 25 ಸಾವಿರಕ್ಕೂ ಮಿಕ್ಕಿ ಜನರಿಗೆ ಲಸಿಕೆ ಹಾಕಲಾಯಿತು.

ಈ ಸಂಖ್ಯೆಯ ಹಿಂದೆ ಎಷ್ಟು ಶ್ರಮವಿದ್ದಿರಬೇಕೆಂಬುದನ್ನು ಇಂದಿನ ವಾಚಕರು ಊಹಿಸಿಕೊಳ್ಳಬೇಕು. ಲಸಿಕೆಯನ್ನು ತಣ್ಣಗಿಟ್ಟು ಕಾಯುವ ಯಂತ್ರವಾಗಲಿ, ಅದನ್ನು ಹೊತ್ತು ತರುವ ರೈಲಾಗಲಿ ಆಗ ಇರಲಿಲ್ಲ. ಒಂದು ಮಗುವಿನ ತೋಳಿಗೆ ಹಾಕಿದ ಲಸಿಕೆ ಎಂಟನೆಯ ದಿನದ ಸುಮಾರಿಗೆ ಗುಳ್ಳೆಯಾಗಿ ಏಳುತ್ತಿತ್ತು. ಆ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ದಾಟಿಸಬೇಕಾಗಿತ್ತು. ಮಗುವಿನಿಂದ ಮಗುವಿಗೆ, ಊರಿನಿಂದ ಊರಿಗೆ ಈ ಸರಪಳಿ ಸಾಗಬೇಕು. ಒಂದು ಕೊಂಡಿ ಕಳಚಿದರೆ ಎಲ್ಲವೂ ಮೊದಲಿನಿಂದ ಆರಂಭ. ಒಂದು ಜಾತಿಯ ಮೈಯ ರಸ ಇನ್ನೊಂದು ಜಾತಿಯ ಮೈಗೆ ಸೇರುವುದೆಂಬ ಅಳುಕು ಒಂದು ಕಡೆ. ಅಮ್ಮನ ಕೋಪಕ್ಕೆ ಗುರಿಯಾದೇವೆಂಬ ಭಯ ಇನ್ನೊಂದು ಕಡೆ. ಅಂತಹ ಮನೆಯ ತಾಯಿಯೊಬ್ಬಳು ಆರೋಗ್ಯವಾಗಿರುವ ತನ್ನ ಕೂಸನ್ನು ಪರದೇಶಿಯೊಬ್ಬನ ಮುಂದೆ ಹಿಡಿಯಬೇಕಾದರೆ, ಆಜ್ಞೆ ಸಾಲದು, ನಂಬಿಕೆ ಬೇಕು. ಆ ನಂಬಿಕೆಯನ್ನು ಗಳಿಸಿಕೊಟ್ಟದ್ದು ಅವರು ಜನರ ನಡುವೆ ಜನರಂತೆ ಬದುಕಿದ ರೀತಿಯೇ ಎಂದು ನನ್ನ ತಿಳಿವಳಿಕೆ.

ಕುಂಪಣಿಯವರಿಗೆ ಲಸಿಕೆಯಲ್ಲಿ ತಮ್ಮದೇ ಆದ ಲಾಭದ ಲೆಕ್ಕವಿತ್ತು. ಸೈನ್ಯಕ್ಕೆ ಗಟ್ಟಿಯಾದ ಆಳು ಬೇಕು, ಕಂದಾಯ ಕಟ್ಟಲು ರೈತ ಬದುಕಿರಬೇಕು. ಇತ್ತ ಮೈಸೂರಿನ ಅರಮನೆಯೂ ಹಿಂದೆ ಬೀಳಲಿಲ್ಲ. ಬಾಲದೊರೆಯ ರಾಣಿ ದೇವಾಜಮ್ಮಣ್ಣಿಯವರಿಗೆ ಲಸಿಕೆ ಹಾಕಿಸಿದ ಸಂಗತಿಯನ್ನು 1806ರಲ್ಲಿ ಪ್ರಜೆಗಳಿಗೆ ಮಾದರಿಯಾಗಲೆಂದು ಪ್ರಚಾರ ಮಾಡಲಾಯಿತು. ಆ ಕಾಲದಲ್ಲಿ ತಾಮಸ್ ಹಿಕಿ ಬರೆದ ವರ್ಣಚಿತ್ರವೊಂದರಲ್ಲಿ ಕಾಣುವ ರಾಜಸ್ತ್ರೀಯರು ಲಸಿಕೆಯ ಪ್ರಚಾರಕ್ಕಾಗಿಯೇ ನಿಂತವರೆಂದು ಇತ್ತೀಚಿನ ಚರಿತ್ರಕಾರರು ಗುರುತಿಸಿದ್ದಾರೆ. ಅರಮನೆ, ಕುಂಪಣಿ, ಪಾದ್ರಿ — ಮೂವರ ಉದ್ದೇಶಗಳು ಬೇರೆ ಬೇರೆ. ಇವರಲ್ಲಿ ಪಾದ್ರಿಯ ಸ್ಥಿತಿ ವಿಚಿತ್ರವಾದದ್ದು. ಇಂಗ್ಲಿಷರಿಗೂ ಫ್ರೆಂಚರಿಗೂ ಯೂರೋಪಿನಲ್ಲಿ ಘೋರ ಯುದ್ಧ ನಡೆದಿದ್ದಾಗ, ಇಂಗ್ಲಿಷರ ಆಶ್ರಯದ ನಾಡಿನಲ್ಲಿ ಫ್ರೆಂಚನೊಬ್ಬ ನಿಶ್ಚಿಂತೆಯಿಂದ ಊರೂರು ತಿರುಗುತ್ತಿದ್ದನು. ರೋಗಕ್ಕೆ ದೇಶಭೇದವಿಲ್ಲದಿರುವಂತೆ ಸೇವೆಗೂ ದೇಶಭೇದವಿರಲಿಲ್ಲ.

ಇನ್ನು ಆ ಪ್ರಸಿದ್ಧ ಗ್ರಂಥದ ವಿಷಯ. ಫ್ರೆಂಚಿನಲ್ಲಿದ್ದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸು ಸರ್ಕಾರಕ್ಕೆ ಶಿಫಾರಸು ಮಾಡಿದರು; ಗವರ್ನರ್ ವಿಲಿಯಂ ಬೆಂಟಿಂಕ್ ಒಪ್ಪಿದರು. 1807ರಲ್ಲಿ ಸರ್ಕಾರ ಅದನ್ನು 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. 1897ರಲ್ಲಿ ಹೆನ್ರಿ ಬೋಶಾಂ ಹೊರತಂದ ಪರಿಷ್ಕೃತ ಆವೃತ್ತಿಗೆ ಮ್ಯಾಕ್ಸ್ ಮುಲ್ಲರ್ ಮುನ್ನುಡಿ ಬರೆದರು. ಹೀಗೆ ಕೀರ್ತಿ ಶಿಖರವೇರಿತು. ಆದರೆ 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಪ್ರಕಟಿಸಿದ ಸಂಶೋಧನೆ ಆ ಶಿಖರವನ್ನು ಅಲುಗಾಡಿಸಿತು. ದುಬ್ವಾ ಭಾರತಕ್ಕೆ ಬರುವುದಕ್ಕೆ ಹದಿಮೂರು ವರ್ಷ ಮೊದಲೇ, 1779ರಲ್ಲಿ, ಪುದುಚೇರಿಯಲ್ಲಿ ತೀರಿಕೊಂಡ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಬರಹವೇ ಆ ಗ್ರಂಥದ ಬಹುಭಾಗಕ್ಕೆ ಮೂಲವೆಂದು ತಿಳಿದುಬಂದಿತು. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಇರುವ ನಂಟನ್ನು ಬಹು ಮುಂಚೆಯೇ ಗುರುತಿಸಿದ ಪಂಡಿತರು ಆ ಕೂರ್ದೂ. ತಮಗೆ ಸಲ್ಲಬೇಕಾದ ಗೌರವ ಅವರಿಗೆ ಎರಡು ಶತಮಾನ ಸಲ್ಲಲಿಲ್ಲ. ಈ ಲೋಪವನ್ನು ಮುಚ್ಚಿ ದುಬ್ವಾ ಅವರ ಜೀವನವನ್ನು ಬರೆಯುವುದು ಸರಿಯಲ್ಲ. ಗ್ರಂಥದಲ್ಲಿ ನಮ್ಮ ಜನರ ಮೇಲೆ, ವಿಶೇಷವಾಗಿ ಬ್ರಾಹ್ಮಣರ ಮೇಲೆ, ಇರುವ ಕಠೋರವಾದ ತೀರ್ಪುಗಳನ್ನೂ ನಾನು ಸಮರ್ಥಿಸಲಾರೆ.

ಮತಪ್ರಚಾರದ ಲೆಕ್ಕವನ್ನಾದರೂ ನೋಡೋಣವೆಂದರೆ, ಅದು ಇನ್ನೂ ಬಡವಾದದ್ದು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪತ್ರರೂಪದ ಪುಸ್ತಕದಲ್ಲಿ ದುಬ್ವಾ ಅಪೂರ್ವವಾದ ಪ್ರಾಮಾಣಿಕತೆಯಿಂದ ತಮ್ಮ ಲೆಕ್ಕವನ್ನು ತಾವೇ ಒಪ್ಪಿಸಿದರು. ಇಷ್ಟು ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀಯ ಪಾದ್ರಿಯ ನೆರವಿದ್ದೂ, ತಾವು ಕ್ರೈಸ್ತಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿಯನ್ನು ಮೀರಲಿಲ್ಲವೆಂದೂ, ಅವರಲ್ಲಿ ಬಹುಪಾಲು ಕಡುಬಡವರೆಂದೂ, ಈ ದೇಶದ ಜನರನ್ನು ಮತಾಂತರಿಸುವುದು ಮನುಷ್ಯ ಪ್ರಯತ್ನದಿಂದ ಆಗತಕ್ಕದ್ದಲ್ಲವೆಂದೂ ಬರೆದರು. ಜೇಮ್ಸ್ ಹಫ್ ಮೊದಲಾದ ಇಂಗ್ಲಿಷ್ ಮಿಷನರಿಗಳು ಇದನ್ನು ಕಂಡು ಕೆರಳಿ ಖಂಡನೆಗಳನ್ನು ಅಚ್ಚುಹಾಕಿಸಿದರು. ಕ್ರೈಸ್ತ ಗುರುವೊಬ್ಬರು ತಮ್ಮ ಬಾಳಿನ ಮುಖ್ಯ ಉದ್ದೇಶವೇ ಕೈಗೂಡಲಿಲ್ಲವೆಂದು ಲೋಕದ ಮುಂದೆ ಹೇಳಿಕೊಳ್ಳುವುದು ಸಾಮಾನ್ಯವಾದ ಸಂಗತಿಯೇ?

ಇಲ್ಲಿಯೇ ನನಗೆ ಈ ಜೀವನದ ಮರ್ಮ ಕಾಣುತ್ತದೆ. ಒಂದು ಕಡೆ ಮತಕ್ಕೆ ಸೇರಿದ ಇನ್ನೂರು ಮುನ್ನೂರು ಮಂದಿ. ಇನ್ನೊಂದು ಕಡೆ ಲಸಿಕೆ ಪಡೆದ 25 ಸಾವಿರಕ್ಕೂ ಹೆಚ್ಚು ಮಂದಿ. ಆ ಸಾವಿರಾರು ಜನರಲ್ಲಿ ಹೆಚ್ಚಿನವರು ಶಿಲುಬೆಯನ್ನು ಕಟ್ಟಿಕೊಂಡವರಲ್ಲ, ಕಟ್ಟಿಕೊಳ್ಳತಕ್ಕವರೂ ಅಲ್ಲ. ಅವರ ತೋಳನ್ನು ಹಿಡಿದಾಗ ಪ್ರತಿಫಲದ ಆಸೆಯಿದ್ದಿದ್ದರೆ ಕೆಲಸ ಕೆಲವೇ ದಿನಗಳಲ್ಲಿ ನಿಂತುಹೋಗುತ್ತಿತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕಥೆ ಬೈಬಲಿನಲ್ಲಿದೆ. ಆ ಕಥೆಯಲ್ಲಿ ಗಾಯಾಳುವಿನ ಮತವನ್ನು ಬದಲಿಸುವ ಮಾತು ಎಲ್ಲಿಯೂ ಬರುವುದಿಲ್ಲ. ದುಬ್ವಾ ತಮ್ಮ ಸೋಲೆಂದು ಬರೆದಿಟ್ಟದ್ದು ಬೋಧಕನ ಸೋಲು. ಅವರು ಲೆಕ್ಕಕ್ಕೇ ಹಿಡಿಯದೆ ಬಿಟ್ಟದ್ದು ಸೇವಕನ ಗೆಲುವು. ಗ್ರಂಥ ಪರರಿಂದ ಬಂದ ಸಾಲವೆಂದು ತಿಳಿದ ಮೇಲೂ, ಬೋಧನೆ ಫಲಿಸಲಿಲ್ಲವೆಂದು ಅವರೇ ಒಪ್ಪಿದ ಮೇಲೂ, ಯಾರಿಂದಲೂ ಕಸಿದುಕೊಳ್ಳಲಾಗದೆ ಅವರ ಪಾಲಿಗೆ ಉಳಿಯುವುದು ಅದೊಂದೇ.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು, ಮರಳಿ ಬರಲಿಲ್ಲ. ಕುಂಪಣಿ ಅವರಿಗೆ ವಿಶೇಷ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಪ್ಯಾರಿಸಿನಲ್ಲಿ ತಮ್ಮ ಸಂಘದ ಕೆಲಸಕ್ಕೆ ನಿಂತು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ತಮಿಳು, ತೆಲುಗು, ಕನ್ನಡ ಪಾಠಗಳನ್ನು ಮುಂದಿಟ್ಟುಕೊಂಡು ಫ್ರೆಂಚಿಗೆ ತಂದರು. ನಮ್ಮ ನುಡಿ ಅವರ ಜೊತೆಯಲ್ಲಿ ಅಷ್ಟು ದೂರ ಹೋಯಿತೆಂಬುದು ಸಂತೋಷದ ವಿಷಯ. 1848ರ ಫೆಬ್ರವರಿ 17ರಂದು ಅಲ್ಲಿಯೇ ತೀರಿಕೊಂಡರು.

ಅವರ ಗ್ರಂಥವನ್ನು ಓದಲಾರದ ಹಾಸನ ಸೀಮೆಯ ಒಕ್ಕಲುಮಕ್ಕಳು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ಅವರು ಹೋದ ಬಹುಕಾಲದ ಮೇಲೂ ರಾಜರ್ಷಿಯೆಂದು ನೆನೆಯುತ್ತಿದ್ದರು. ಪಂಡಿತರ ಮನ್ನಣೆಗಿಂತ ಇದು ಕಡಮೆಯ ಬಿರುದಲ್ಲ. ಸಿಡುಬಿನ ಕಥೆಯಾದರೋ ಮುಂದೆ ಸಾವಿರಾರು ಜನರ ದುಡಿಮೆಯಿಂದ ಮುಗಿಯಿತು. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗ ಭೂಮಿಯಿಂದಲೇ ಅಳಿಯಿತೆಂದು ಸಾರಿತು. ರೋಗವನ್ನು ಅಮ್ಮ ಎಂದ ನಮ್ಮ ಜನ ಅದರ ತಡೆಯನ್ನೂ ದೇವಿ ಹಾಕಿಸುವುದು ಎಂದೇ ಕರೆದು, ಹೊಸ ವಿದ್ಯೆಯನ್ನು ತಮ್ಮ ಹಳೆಯ ಭಕ್ತಿಯೊಳಕ್ಕೆ ಸೇರಿಸಿಕೊಂಡರು. ಹರಿಯಬ್ಬೆಯ ಹಿರಿಯರ ತೋಳುಗಳ ಮೇಲೆ ದೇವಿಯ ಆ ದುಂಡು ಗುರುತನ್ನು ನಾನು ಇಂದಿಗೂ ಕಾಣುತ್ತೇನೆ. ಅವರಿಗೆ ಅಬ್ಬೆ ದುಬ್ವಾ ಯಾರೆಂದು ಗೊತ್ತಿಲ್ಲ; ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬುದು ಅವರು ನಂಬಿದ ಧರ್ಮದ ವಿಧಿ. ಚರಿತ್ರೆ ಅವರ ಪಾಲಿಗೆ ಆ ವಿಧಿಯನ್ನು ತಾನಾಗಿಯೇ ನಡೆಸಿಕೊಟ್ಟಿತು. ಆದರೆ ವಿದ್ಯಾರ್ಥಿಗಳಿಗೆ ಅವರ ಗ್ರಂಥವನ್ನು ಪಾಠ ಹೇಳುವ ಉಪಾಧ್ಯಾಯರು, ಅದನ್ನು ಮುಚ್ಚಿಡುವ ಮುನ್ನ, ಅದರಲ್ಲಿ ಬರೆಯದೆ ಉಳಿದ ಈ ಅಧ್ಯಾಯವನ್ನೂ ಹೇಳಿದರೆ ಒಳಿತು.