ಕಪ್ಪೆಯ ಹೃದಯದಿಂದ ಸೆರೆಮನೆಯವರೆಗೆ: ಒಟ್ಟೊ ಲೋವಿ

ನರವು ತನ್ನ ಆಜ್ಞೆಯನ್ನು ಅಂಗಕ್ಕೆ ದಾಟಿಸುವುದು ವಿದ್ಯುತ್ತಿನಿಂದಲೋ, ರಾಸಾಯನಿಕದಿಂದಲೋ? ವಿಜ್ಞಾನಿಗಳನ್ನು ಇಬ್ಭಾಗಿಸಿದ್ದ ಈ ಪ್ರಶ್ನೆಗೆ ಪುರಾವೆಸಹಿತ ಉತ್ತರ ನೀಡಿದವರು ಒಟ್ಟೊ ಲೋವಿ. ಫ್ರಾಂಕ್‌ಫರ್ಟ್‌ನ ಯಹೂದಿ ವರ್ತಕ ಕುಟುಂಬದಲ್ಲಿ 1873ರಲ್ಲಿ ಜನಿಸಿದ ಅವರು, 1909ರಿಂದ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಪ್ರಯೋಗದ ವಿಧಾನ ಅವರಿಗೆ ಹೊಳೆದದ್ದು ನಿದ್ದೆಯಲ್ಲಿ. ಮೊದಲ ರಾತ್ರಿ ಗೀಚಿಟ್ಟ ಚೀಟಿಯನ್ನು ಬೆಳಗ್ಗೆ ಅವರಿಂದಲೇ ಓದಲಾಗಲಿಲ್ಲ. ಮರುರಾತ್ರಿ ಅದೇ ಯೋಚನೆ ಮರಳಿದಾಗ ಎದ್ದು ನೇರ ಪ್ರಯೋಗಾಲಯಕ್ಕೆ ನಡೆದರು. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ ಬಡಿತವನ್ನು ನಿಧಾನಗೊಳಿಸಿ, ಅದರೊಳಗಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ನರದ ಸಂಪರ್ಕವೇ ಇಲ್ಲದ ಆ ಹೃದಯವೂ ನಿಧಾನವಾಯಿತು! ಫಲಿತಾಂಶ 1921ರಲ್ಲಿ ಪ್ರಕಟವಾಯಿತು.

ಕನಸಿನ ಕಥೆಗೇ ಪ್ರಚಾರ ಹೆಚ್ಚು. ನಂತರದ ದುಡಿಮೆ ಅದಕ್ಕಿಂತ ದೊಡ್ಡದು. ಆ ವಸ್ತು ಅಸಿಟೈಲ್‌ಕೋಲಿನ್ ಎಂಬುದು ಖಚಿತವಾಯಿತು. ಅದನ್ನು ಕೂಡಲೇ ಒಡೆಯುವ ಕಿಣ್ವವೊಂದಿದೆ, ಎಸೆರಿನ್ ಆ ಕಿಣ್ವವನ್ನು ತಡೆಯುತ್ತದೆ ಎಂದು 1926ರಲ್ಲಿ ಲೋವಿ ತೋರಿಸಿಕೊಟ್ಟರು. ಇಂದು ಹೇರೋಹಳ್ಳಿಯ ಮನೆಯೊಂದರಲ್ಲಿ ಮರೆವಿನ ಕಾಯಿಲೆಯ ಹಿರಿಯರು ನುಂಗುವ ಡೊನೆಪೆಝಿಲ್ ಮಾತ್ರೆ ಕೆಲಸ ಮಾಡುವುದೂ ಇದೇ ತತ್ವದ ಮೇಲೆ.

ಈ ಸಂದೇಶವಾಹಕಗಳನ್ನು ಸ್ವೀಕರಿಸುವ ರಿಸೆಪ್ಟರ್‌ಗಳ ವರ್ತನೆಯನ್ನು ಬಿಡಿಸಿದವರು ನಂತರದ ವಿಜ್ಞಾನಿಗಳು. ಸಂದೇಶ ದೀರ್ಘಕಾಲ ಅತಿಯಾದರೆ ಜೀವಕೋಶ ಕೆಲವು ರಿಸೆಪ್ಟರ್‌ಗಳನ್ನು ಒಳಗೆಳೆದುಕೊಳ್ಳುತ್ತದೆ, ಕೊರತೆಯಾದರೆ ಹೆಚ್ಚಿಸಿಕೊಳ್ಳುತ್ತದೆ. ಸಂದೇಶ ಕಳುಹಿಸುವ ನರತುದಿಯಲ್ಲೂ ರಿಸೆಪ್ಟರ್‌ಗಳಿದ್ದು, ಸ್ರವಿಸಿದ್ದು ಸಾಕೆನಿಸಿದಾಗ ಸ್ರಾವವನ್ನು ತಗ್ಗಿಸುತ್ತವೆ. ಬಹುಕಾಲ ಸೇವಿಸಿದ ಮನೋರೋಗದ ಔಷಧಿಯನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಿದಾಗ ತೊಂದರೆಯಾಗಲು ಈ ಹೊಂದಾಣಿಕೆಯೂ ಒಂದು ಕಾರಣ.

ಲೋವಿ ಅವರಿಗೆ 1936ರಲ್ಲಿ ಹೆನ್ರಿ ಡೇಲ್ ಜತೆ ನೊಬೆಲ್ ದೊರೆಯಿತು. ಎರಡೇ ವರ್ಷದಲ್ಲಿ ಎಲ್ಲವೂ ತಲೆಕೆಳಗಾಯಿತು. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ವಶಪಡಿಸಿಕೊಂಡ ರಾತ್ರಿಯೇ ನಾಜಿಗಳು ಅವರನ್ನು ಇಬ್ಬರು ಪುತ್ರರೊಂದಿಗೆ ಬಂಧಿಸಿದರು. ಕೊಲೆ ಖಚಿತವೆಂದು ಭಾವಿಸಿದ ಅವರಿಗೆ ಕಾಡಿದ್ದು, ಇತ್ತೀಚಿನ ಪ್ರಯೋಗ ಪ್ರಕಟವಾಗದೆ ಉಳಿದೀತೆಂಬ ಚಿಂತೆ. ಕಾವಲುಗಾರನಿಂದ ಪೋಸ್ಟ್‌ಕಾರ್ಡ್ ಪಡೆದು, ಫಲಿತಾಂಶವನ್ನು ಅದರಲ್ಲೇ ಬರೆದು ಪತ್ರಿಕೆಗೆ ಕಳುಹಿಸಿದರು. ಸ್ಟಾಕ್‌ಹೋಮ್‌ನ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾಜಿ ಹಿಡಿತದ ಬ್ಯಾಂಕಿಗೆ ವರ್ಗಾಯಿಸಿದ ಮೇಲಷ್ಟೇ ದೇಶ ಬಿಡಲು ಅನುಮತಿ ಸಿಕ್ಕಿತು.

ಲಂಡನ್, ಬ್ರಸೆಲ್ಸ್, ಆಕ್ಸ್‌ಫರ್ಡ್‌ಗಳನ್ನು ಹಾದು 1940ರಲ್ಲಿ ಅವರು ನ್ಯೂಯಾರ್ಕ್ ತಲುಪಿದರು. ಪತ್ನಿ ಬಂದು ಸೇರಿದ್ದು ಮರುವರ್ಷ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮುಂದುವರಿಸಿದ ಲೋವಿ, 1961ರ ಡಿಸೆಂಬರ್ 25ರಂದು ಅದೇ ನಗರದಲ್ಲಿ ನಿಧನರಾದರು.