ಬೀಳಗಿಯಿಂದ ಮುಂಬೈಗೆ: ಅಮೀರ್‌ಬಾಯಿ ಕರ್ನಾಟಕಿ

ಹಿಂದಿ ಚಿತ್ರಗೀತೆಗಳ ಕಥೆಯನ್ನು ಲತಾ ಮಂಗೇಶ್ಕರ್ ಅವರಿಂದ ಆರಂಭಿಸುವುದು ಬಹುಜನರ ರೂಢಿ. ಅದಕ್ಕೂ ಹಿಂದಿನ ದಶಕದಲ್ಲಿ ದೇಶದಾದ್ಯಂತ ಗ್ರಾಮಾಫೋನುಗಳಲ್ಲಿ ಮೊಳಗಿದ ಕಂಠಗಳಲ್ಲಿ ಒಂದು ಉತ್ತರ ಕರ್ನಾಟಕದ್ದು. ಅದು ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಅವರ ಕಂಠ.

ಜಮಖಂಡಿಯ ಚಿಕ್ಕಪಡಸಲಗಿಯಿಂದ ಬೀಳಗಿಯವರೆಗಿನ ಕೃಷ್ಣಾ ಸೀಮೆ ಆಗ ಹಲವು ಆಳ್ವಿಕೆಗಳಲ್ಲಿ ಹಂಚಿಹೋಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಸಂಸ್ಥಾನಿಕರಾಗಿದ್ದರೆ, ಬೀಳಗಿಯು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಕನ್ನಡ, ಮರಾಠಿ ರಂಗಭೂಮಿಗಳೆರಡೂ ಈ ನೆಲದ ಜನರಿಗೆ ಪರಿಚಿತವಾಗಿದ್ದವು. ಹೀಗಾಗಿ ಹಾಡುವ ಪ್ರತಿಭೆಯುಳ್ಳವರ ದೃಷ್ಟಿ ಬೆಂಗಳೂರಿಗಿಂತ ಮುಂಬೈಯತ್ತಲೇ ಹೊರಳುತ್ತಿತ್ತು. ಅಮೀರ್‌ಬಾಯಿ ಹೋದದ್ದೂ ಅಲ್ಲಿಗೇ. ಸಹೋದರಿ ಗೌಹರ್‌ಬಾಯಿ ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ ಮಂಡಳಿಯಲ್ಲಿ ಗಾಯಕನಟಿಯಾಗಿ, ಮುಂದೆ ಅವರ ಬಾಳಸಂಗಾತಿಯಾಗಿ ಹೆಸರಾದರು.

ಮುಂಬೈ ಈ ಸಹೋದರಿಯರನ್ನು ಗುರುತಿಸಿದ್ದು 'ಕರ್ನಾಟಕಿ' ಎಂಬ ಹೆಸರಿನಿಂದ. ಕನ್ನಡ ಪ್ರದೇಶಗಳು ಒಂದಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ನಾಡು ನಕಾಶೆಯಲ್ಲಿ ಮೂಡುವ ಮುನ್ನವೇ ಅದರ ಹೆಸರು ಇವರ ಧ್ವನಿಮುದ್ರಿಕೆಗಳ ಮೇಲೆ ಅಚ್ಚಾಗಿತ್ತು.

<b>ಕಿಸ್ಮತ್‌ನ ಕಂಠ</b>

ನಟಿಯಾಗಿ 1930ರ ದಶಕದಲ್ಲಿ ಬೆಳ್ಳಿತೆರೆಗೆ ಬಂದ ಅಮೀರ್‌ಬಾಯಿ ಅವರಿಗೆ ಕೀರ್ತಿ ತಂದುಕೊಟ್ಟದ್ದು ಅಭಿನಯವಲ್ಲ, ಗಾಯನ. 1940ರ 'ನರಸಿ ಭಗತ್' ಚಿತ್ರದ ಭಜನೆ ಅವರ ಹೆಸರನ್ನು ಮನೆಮನೆಗೆ ಒಯ್ದಿತು. 1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' ತೆರೆಕಂಡಿತು. ಜ್ಞಾನ್ ಮುಖರ್ಜಿ ನಿರ್ದೇಶನ, ಅಶೋಕ್ ಕುಮಾರ್ ನಾಯಕತ್ವ, ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಗೀತೆಗಳ ಈ ಚಿತ್ರ ಕೋಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಗಿಲಾಗಿ ಪ್ರದರ್ಶನಗೊಂಡಿತು.

ಚಿತ್ರದ ಪ್ರಮುಖ ಗೀತೆಗಳು ಅಮೀರ್‌ಬಾಯಿ ಅವರ ಪಾಲಿಗೆ ಬಂದವು. ಒಂದು ಪ್ರಾರ್ಥನೆ, ಒಂದು ಜೋಗುಳದ ಲಯದ ಹಾಡು, ದೀಪಾವಳಿಯ ರಾತ್ರಿಯ ಅಳಲು, ಜತೆಗೆ ಖಾನ್ ಮಸ್ತಾನಾ ಅವರೊಡನೆ ಹಾಡಿದ ದೇಶಭಕ್ತಿ ಗೀತೆ. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ ಬಂದ ಈ ಕೊನೆಯ ಗೀತೆಯಲ್ಲಿ ಜರ್ಮನಿ, ಜಪಾನಿನ ಉಲ್ಲೇಖವಿದ್ದುದರಿಂದ ಯುದ್ಧಕಾಲದ ಸೆನ್ಸಾರ್‌ಗೆ ಅದು ಬ್ರಿಟಿಷರ ಶತ್ರುಗಳ ವಿರುದ್ಧದ ಹಾಡೆಂದೇ ತೋರಿತು. ಅದರ ನಿಜವಾದ ಗುರಿ ಯಾರೆಂಬುದು ಪ್ರೇಕ್ಷಕರಿಗೆ ತಿಳಿಯದೇ ಇರಲಿಲ್ಲ.

ಆಗಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಅಷ್ಟರೊಳಗೆ ಭಾವ ಮೂಡಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು. ರಂಗಭೂಮಿಯ ತುಂಬುಕಂಠವನ್ನು ಧ್ವನಿಗ್ರಾಹಕಕ್ಕೆ ಒಗ್ಗಿಸಿಕೊಂಡದ್ದು ಅವರ ಸಾಧನೆ. ನೌಷಾದ್ ಸಂಗೀತದ 'ರತನ್' (1944), ಸಿ. ರಾಮಚಂದ್ರ ಅವರ 'ಶೆಹನಾಯಿ' (1947) ಚಿತ್ರಗಳಲ್ಲೂ ಅವರ ಹಾಡುಗಳು ಜನಪ್ರಿಯವಾದವು. ಗುಜರಾತಿಯ 'ರಾಣಕದೇವಿ' (1946) ಅವರನ್ನು ಆ ಭಾಷಿಕರಿಗೂ ಹತ್ತಿರವಾಗಿಸಿತು. 1948ರ 'ಶಹನಾಜ್' ಚಿತ್ರಕ್ಕೆ ಸ್ವತಃ ಸಂಗೀತ ನಿರ್ದೇಶನ ಮಾಡಿದರು. ಮಹಿಳೆಯರಿಗೆ ಈ ಕ್ಷೇತ್ರದಲ್ಲಿ ಅವಕಾಶವೇ ಅಪರೂಪವಾಗಿದ್ದ ಕಾಲವದು.

<b>ಬದುಕಿನ ಅಪಶ್ರುತಿ</b>

ಸಂಗೀತದಲ್ಲಿ ದೊರೆತ ನೆಮ್ಮದಿ ಸಂಸಾರದಲ್ಲಿ ದೊರೆಯಲಿಲ್ಲ. ಖಳನಟ ಹಿಮಾಲಯವಾಲಾ ಜತೆಗಿನ ದಾಂಪತ್ಯ ಹಿಂಸೆಯಿಂದ ಕೂಡಿತ್ತು. ಅಮೀರ್‌ಬಾಯಿ ಅದರಿಂದ ಬಿಡಿಸಿಕೊಂಡು ಹೊರಬಂದರು. ಪತಿ ಪಾಕಿಸ್ತಾನದ ಚಿತ್ರರಂಗ ಸೇರಿದರು. ಮುಂದೆ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರೊಡನೆ ಅವರ ಎರಡನೆಯ ವಿವಾಹ ನಡೆಯಿತು.

ಅಷ್ಟರಲ್ಲಿ ಚಿತ್ರರಂಗದ ಅಭಿರುಚಿ ಬದಲಾಗಿತ್ತು. 1949ರಲ್ಲಿ 'ಮಹಲ್', 'ಬರಸಾತ್' ಚಿತ್ರಗಳ ಮೂಲಕ ಲತಾ ಅವರ ತೆಳುವಾದ, ಎತ್ತರದ ಶ್ರುತಿಯ ಕಂಠ ನಾಯಕಿಯರ ಧ್ವನಿಯಾಗಿ ನೆಲೆಯೂರಿತು. ಮರುವರ್ಷ 'ಸಮಾಧಿ' ಚಿತ್ರಕ್ಕೆ ಸಿ. ರಾಮಚಂದ್ರ ಅವರು ಲ್ಯಾಟಿನ್ ಅಮೆರಿಕದ ಲಯದಲ್ಲಿ ಸಂಯೋಜಿಸಿದ ಯುಗಳ ಗೀತೆಯನ್ನು ಅಮೀರ್‌ಬಾಯಿ ಹಾಗೂ ಲತಾ ಒಟ್ಟಿಗೆ ಹಾಡಿದರು. ಇಳಿಯುತ್ತಿದ್ದ ಯುಗವೂ ಏರುತ್ತಿದ್ದ ಯುಗವೂ ಆ ಒಂದೇ ತಟ್ಟೆಯಲ್ಲಿ ಸಂಧಿಸಿದವು. ಆ ಬಳಿಕ ಅವರಿಗೆ ಹಿಂದಿ ಚಿತ್ರಗಳ ಅವಕಾಶ ಕ್ಷೀಣಿಸಿತು.

ಪಾರ್ಶ್ವವಾಯುವಿಗೆ ತುತ್ತಾದ ಅಮೀರ್‌ಬಾಯಿ 1965ರ ಮಾರ್ಚ್ 3ರಂದು ನಿಧನರಾದರು. ವಿಜಯಪುರದಲ್ಲಿ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರ ಅವರ ಹೆಸರನ್ನು ಉಳಿಸಿತ್ತು. ಅವರ ಬದುಕನ್ನು ಶೋಧಿಸಿ ಕನ್ನಡಿಗರ ಮುಂದಿರಿಸಿದ ಶ್ರೇಯ ವಿದ್ವಾಂಸ ರಹಮತ್ ತರೀಕೆರೆ ಅವರ ಕೃತಿಗೆ ಸಲ್ಲುತ್ತದೆ. ಹೊಸ ಕಂಠ ಬಂದೊಡನೆ ಚಿತ್ರೋದ್ಯಮ ಅವರನ್ನು ಮರೆತಿರಬಹುದು. ಆದರೆ 'ಕಿಸ್ಮತ್' ಗೀತೆಗಳನ್ನು ಕೇಳಿದವರಿಗೆ ಬೀಳಗಿಯ ಆ ಕಂಠವನ್ನು ಬಿಟ್ಟು ಚಿತ್ರಸಂಗೀತದ ಚರಿತ್ರೆ ಹೇಳುವುದು ಸಾಧ್ಯವಾಗದು.