ಹಕ್ಕಿಗಳ ಪರ ನಿಂತ ರೇಚಲ್ ಕಾರ್ಸನ್

ಮಕ್ಕಳೇ, ಮರದ ಎಲೆಗೆ ಸಿಂಪಡಿಸಿದ ವಿಷವು ಎಲೆಯನ್ನೇ ತಿನ್ನದ ಹಕ್ಕಿಯ ಹೊಟ್ಟೆ ಸೇರುವುದು ಹೇಗೆ? ಈ ಒಗಟನ್ನು ಜನರಿಗೆ ಬಿಡಿಸಿ ಹೇಳಿದವರು ಅಮೆರಿಕದ ವಿಜ್ಞಾನಿ ರೇಚಲ್ ಕಾರ್ಸನ್.

ರೇಚಲ್ ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್‌ನಲ್ಲಿ. ಬಾಲ್ಯದಲ್ಲಿ ತಾಯಿಯೊಡನೆ ತೋಟ, ಕಾಡು ಸುತ್ತುತ್ತಾ ಹಕ್ಕಿ, ಹುಳು, ಗಿಡಗಳ ಪರಿಚಯ ಮಾಡಿಕೊಂಡರು. ಮುಂದೆ ಪ್ರಾಣಿಶಾಸ್ತ್ರ ಓದಿ, ಸರ್ಕಾರದ ಮೀನುಗಾರಿಕೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಕಡಲಿನ ಬಗ್ಗೆ ಬರೆದ ಪುಸ್ತಕಗಳು ಅವರಿಗೆ ಹೆಸರು ತಂದವು.

ಆ ಕಾಲದಲ್ಲಿ ಡಿ.ಡಿ.ಟಿ. ಎಂಬ ಕೀಟನಾಶಕದ ಬಳಕೆ ಹೆಚ್ಚಾಗಿತ್ತು. ಸೊಳ್ಳೆಗಳನ್ನು ಕೊಂದು ಮಲೇರಿಯಾ ತಡೆಯಲು ಅದು ನೆರವಾಗಿತ್ತು, ನಿಜ. ಆದರೆ ಹೊಲ, ಕಾಡುಗಳ ಮೇಲೆ ವಿಮಾನದಿಂದಲೂ ಅದನ್ನು ಸುರಿಯತೊಡಗಿದರು. ಸಿಂಪಡಣೆಯ ನಂತರ ಹಕ್ಕಿಗಳು ಸತ್ತವೆಂದು 1958ರಲ್ಲಿ ಗೆಳತಿಯೊಬ್ಬರು ರೇಚಲ್‌ಗೆ ತಿಳಿಸಿದರು. ಅಂದಿನಿಂದ ಅವರು ವಿಜ್ಞಾನಿಗಳ ವರದಿಗಳನ್ನು ಒಂದೊಂದಾಗಿ ಕಲೆಹಾಕಿದರು.

ಈಗ ನಮ್ಮ ಒಗಟಿಗೆ ಬರೋಣ. ಎಲ್ಮ್ ಎಂಬ ಮರಗಳಿಗೆ ರೋಗ ಹರಡುವ ದುಂಬಿಗಳನ್ನು ಕೊಲ್ಲಲು ಡಿ.ಡಿ.ಟಿ. ಸಿಂಪಡಿಸಿದರು. ಎಲೆಗಳು ನೆಲಕ್ಕೆ ಉದುರಿದವು. ಎರೆಹುಳುಗಳು ಆ ಎಲೆಗಳನ್ನು ತಿಂದವು. ವಸಂತದಲ್ಲಿ ಬಂದ ರಾಬಿನ್ ಹಕ್ಕಿಗಳು ಎರೆಹುಳುಗಳನ್ನು ತಿಂದು ಸತ್ತವು. ಡಿ.ಡಿ.ಟಿ. ಬೇಗ ನಾಶವಾಗುವುದಿಲ್ಲ, ದೇಹದ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಒಂದು ಹಕ್ಕಿ ಹಲವು ಹುಳುಗಳನ್ನು ತಿಂದಾಗ ಅವೆಲ್ಲದರ ವಿಷವೂ ಅದರಲ್ಲಿ ಕೂಡುತ್ತದೆ. ಹೀಗೆ ಆಹಾರ ಸರಪಳಿಯಲ್ಲಿ ಮೇಲೆ ಹೋದಂತೆ ವಿಷವೂ ಹೆಚ್ಚುತ್ತದೆ. ಮಣ್ಣು, ನೀರು, ಗಿಡ, ಪ್ರಾಣಿಗಳೆಲ್ಲ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವುದನ್ನೇ ಪರಿಸರ ವ್ಯವಸ್ಥೆ ಎನ್ನುತ್ತೇವೆ.

1962ರಲ್ಲಿ ರೇಚಲ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ ಹೊರಬಂದಿತು. ಹಕ್ಕಿಗಳ ದನಿಯಿಲ್ಲದ ಮೌನ ವಸಂತ ಎಂದು ಇದರ ಅರ್ಥ. ಕೀಟನಾಶಕಗಳೇ ಬೇಡವೆಂಬುದು ಅವರ ವಾದವಾಗಿರಲಿಲ್ಲ; ಪರಿಣಾಮ ತಿಳಿಯದೆ ಸುರಿಯಬಾರದು ಎಂಬುದಾಗಿತ್ತು. ಆದರೂ ರಾಸಾಯನಿಕ ಕಂಪನಿಗಳು ಅವರ ಮೇಲೆ ಹರಿಹಾಯ್ದವು. ಆಗಲೇ ಅವರು ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಆದರೂ ಹಿಂಜರಿಯಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿಯ ವರದಿ ಅವರ ಮಾತನ್ನು ಬೆಂಬಲಿಸಿತು.

1964ರ ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ ರೇಚಲ್ ತೀರಿಕೊಂಡರು. 1972ರಲ್ಲಿ ಅಮೆರಿಕವು ಬೆಳೆಗಳಿಗೆ ಡಿ.ಡಿ.ಟಿ. ಬಳಸುವುದನ್ನು ನಿಷೇಧಿಸಿತು. ಅದನ್ನು ನೋಡಲು ಅವರಿರಲಿಲ್ಲ.

ನೀವೇ ಮಾಡಿ: ನಿಮ್ಮ ಶಾಲೆಯ ಸುತ್ತ ಕಾಣುವ ಒಂದು ಹಕ್ಕಿಯನ್ನು ಗಮನಿಸಿ. ಅದು ಏನನ್ನು ತಿನ್ನುತ್ತದೆ? ಆ ಜೀವಿಯ ಆಹಾರವೇನು? ಆಹಾರ ಸರಪಳಿಯ ಚಿತ್ರ ಬರೆಯಿರಿ. ಅದರ ಒಂದು ಕೊಂಡಿಗೆ ವಿಷ ಸೇರಿದರೆ ಏನಾಗಬಹುದು? ಗೆಳೆಯರೊಡನೆ ಚರ್ಚಿಸಿ.